ಬೆನ್ನುಹುರಿಯ ಗಡ್ಡೆಗೆ ಮೂರು ಸೆಂಟಿಮೀಟರಿನ ದಾರಿ

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದವರನ್ನು ನೋಡಲು ಹೋದಾಗ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಜನ ಮೊದಲು ಕೇಳುವುದು ಎಷ್ಟು ಹೊಲಿಗೆ ಬಿದ್ದಿದೆ ಎಂದು. ನನ್ನ ಅತ್ತೆಯ ಬೆನ್ನಿನಲ್ಲಿ ಈಗ ಇರುವುದು ಸುಮಾರು ಮೂರು ಸೆಂಟಿಮೀಟರು ಉದ್ದದ, ನಡುವಿನಿಂದ ತುಸು ಬಲಕ್ಕೆ ಸರಿದ ಒಂದು ಗೆರೆ. ಅದನ್ನು ನೋಡಿದವರು ಇಷ್ಟೇನಾ ಎಂದು ಸಮಾಧಾನಪಟ್ಟುಕೊಂಡು, ಕಾಫಿ ಕುಡಿದು ಹೋಗುತ್ತಾರೆ. ಆ ಗೆರೆಯ ಆಳದಲ್ಲಿ ಬೆನ್ನುಹುರಿಯ ಹೊದಿಕೆಯನ್ನೇ ಕೊಯ್ದು, ನರಕ್ಕೆ ಅಂಟಿಕೊಂಡಿದ್ದ ಗಡ್ಡೆಯನ್ನು ಬಿಡಿಸಿ, ಹೊದಿಕೆಯನ್ನು ಮತ್ತೆ ಹೊಲಿದಿದ್ದಾರೆ ಎಂದು ಹೇಳಿದರೆ ಯಾರಿಗೂ ಪೂರ್ತಿ ನಂಬಿಕೆ ಬರುವುದಿಲ್ಲ. ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿಗೆ ಹೋಗಿ, ಅಲ್ಲಿಯ ಆಪರೇಷನ್ ಥಿಯೇಟರಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದ ನನಗೆ ಈ ವಿಷಯದಲ್ಲಿ ಹೇಳಬೇಕಾದದ್ದು ಒಂದಿದೆ. ಇಂತಹ ಶಸ್ತ್ರಚಿಕಿತ್ಸೆಯಲ್ಲಿ ಚಿಕ್ಕದಾಗಿರುವುದು ಗಡ್ಡೆಯವರೆಗಿನ ದಾರಿ ಮಾತ್ರ. ಗಡ್ಡೆಯ ಬಳಿ ನಡೆಯುವ ಕೆಲಸ ಒಂದಿಷ್ಟೂ ಚಿಕ್ಕದಾಗಿಲ್ಲ, ಕೆಲವು ಸಂದರ್ಭಗಳಲ್ಲಿ ಮೊದಲಿಗಿಂತ ಕಷ್ಟದ್ದೇ ಆಗಿದೆ.

ಗಡ್ಡೆ ಎಂದ ಕೂಡಲೇ ನಮ್ಮಲ್ಲಿ ಕ್ಯಾನ್ಸರ್ ನೆನಪಾಗುತ್ತದೆ. ಬೆನ್ನುಹುರಿಯ ಸುತ್ತ ಹುಟ್ಟುವ ಗಡ್ಡೆಗಳಲ್ಲಿ ಕ್ಯಾನ್ಸರ್ ಅಲ್ಲದವೂ ಸಾಕಷ್ಟಿವೆ. ಮೆದುಳಿನಿಂದ ಇಳಿದು ಬರುವ ಬೆನ್ನುಹುರಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರು ದಪ್ಪದ್ದು. ಅದು ಸೊಂಟದ ಮೊದಲ ಅಥವಾ ಎರಡನೆಯ ಕಶೇರುಕದ (ಬೆನ್ನುಮೂಳೆಯ ಬಿಡಿ ಎಲುಬಿನ) ಮಟ್ಟದಲ್ಲಿ ಮುಗಿದು, ಅಲ್ಲಿಂದ ಕೆಳಗೆ ನರಗಳ ಗೊಂಚಲು ಮಾತ್ರ ಇರುತ್ತದೆ. ಹುರಿಯನ್ನೂ ನರಗಳನ್ನೂ ಅವುಗಳ ಸುತ್ತಲಿನ ದ್ರವವನ್ನೂ ಒಳಗಿಟ್ಟುಕೊಂಡು ಡ್ಯೂರಾ ಎಂಬ ಗಟ್ಟಿಯಾದ ಪೊರೆ ಇದೆ, ಅದರ ಹೊರಗೆ ಮೂಳೆಯ ಕಾಲುವೆ. ಗಡ್ಡೆ ಡ್ಯೂರಾದ ಹೊರಗೆ ಇರಬಹುದು, ಒಳಗಿದ್ದೂ ಹುರಿಯ ಪಕ್ಕದಲ್ಲಿ ಇರಬಹುದು, ಹುರಿಯ ಒಳಗೇ ಬೆಳೆದಿರಬಹುದು. ವಯಸ್ಕರಲ್ಲಿ ಡ್ಯೂರಾದೊಳಗಿನ ಗಡ್ಡೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹುರಿಯ ಪಕ್ಕದಲ್ಲಿ ಇರುವವು, ಮತ್ತು ಅವುಗಳಲ್ಲಿ ಹೆಚ್ಚಿನವು ಎರಡೇ ಬಗೆಯವು. ನರಕ್ಕೆ ಕವಚ ಕಟ್ಟುವ ಶ್ವಾನ್ ಕೋಶಗಳಿಂದ ಬರುವುದು ಶ್ವಾನೋಮಾ, ಹುರಿಯನ್ನು ಸುತ್ತಿದ ಪೊರೆಗಳಿಂದ ಬರುವುದು ಮೆನಿಂಜಿಯೋಮಾ. ಎರಡನೆಯದು ಹೆಂಗಸರಲ್ಲಿ ಹೆಚ್ಚು, ಅದರಲ್ಲೂ ಎದೆಯ ಮಟ್ಟದ ಬೆನ್ನುಮೂಳೆಯಲ್ಲಿ. ಇವು ನಿಧಾನವಾಗಿ ಬೆಳೆಯುತ್ತವೆ, ದೇಹದ ಬೇರೆ ಭಾಗಕ್ಕೆ ಹರಡುವುದಿಲ್ಲ. ಆದರೆ ಬೆಳೆಯುವ ಜಾಗ ಮೂಳೆಯಿಂದ ಮುಚ್ಚಿದ ಕಾಲುವೆಯಾದ್ದರಿಂದ, ಹೊಟ್ಟೆಯಲ್ಲೋ ಚರ್ಮದಡಿಯಲ್ಲೋ ಆಗಿದ್ದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಗಾತ್ರದ ಗಡ್ಡೆ ಇಲ್ಲಿ ಮನುಷ್ಯನ ನಡಿಗೆಯನ್ನೇ ಕಿತ್ತುಕೊಳ್ಳಬಲ್ಲದು.

ನಮ್ಮ ಊರಿನಲ್ಲಿ ಇಂತಹ ಗಡ್ಡೆ ಅಡಗಿ ಕೂರಲು ಬೇಕಾದ ಅನುಕೂಲವೆಲ್ಲ ಇದೆ. ಅಡಿಕೆ ತೋಟದ ಕೆಲಸ ಮಾಡಿದವರಿಗೆ ಬೆನ್ನುನೋವು ಬಾರದಿದ್ದರೆ ಆಶ್ಚರ್ಯ. ಗೊನೆ ಹೊತ್ತು, ಸೊಪ್ಪಿನ ಕಟ್ಟು ಹೊತ್ತು, ಬಗ್ಗಿ ಅಡಿಕೆ ಹೆಕ್ಕಿ ಐವತ್ತು ದಾಟಿದವರ ಎಕ್ಸ್-ರೇ ತೆಗೆದರೆ ಸವೆತ ಕಾಣದೆ ಇರುವುದಿಲ್ಲ. ಹಾಗಾಗಿ ಎಲ್ಲ ಬೆನ್ನುನೋವೂ ಸವೆತದ ಲೆಕ್ಕಕ್ಕೆ, ಇಲ್ಲವೇ ಡಿಸ್ಕ್ ಲೆಕ್ಕಕ್ಕೆ ಸೇರುತ್ತದೆ. ಎಣ್ಣೆ ಹಾಕಿ ತಿಕ್ಕಿಸುವುದು, ಬೆಲ್ಟ್ ಕಟ್ಟುವುದು, ನೋವಿನ ಮಾತ್ರೆ ನುಂಗುವುದು ಎಂದು ವರ್ಷಗಳು ಕಳೆಯುತ್ತವೆ. ಇದರಲ್ಲಿ ತಪ್ಪು ಹುಡುಕುವುದು ಸುಲಭವಲ್ಲ, ಏಕೆಂದರೆ ಬೆನ್ನುನೋವು ಎಂದು ಬರುವವರಲ್ಲಿ ಗಡ್ಡೆ ಇರುವವರು ತೀರ ಅಪರೂಪ. ಹಾಗಿದ್ದರೂ ಒಂದು ವ್ಯತ್ಯಾಸವನ್ನು ರೋಗಿಯ ಬಾಯಿಂದಲೇ ಕೇಳಿಸಿಕೊಳ್ಳಬಹುದು. ಡಿಸ್ಕ್ ನೋವು ಸಾಮಾನ್ಯವಾಗಿ ಮಲಗಿದರೆ ಕಡಿಮೆಯಾಗುತ್ತದೆ, ಕುಳಿತರೆ, ಬಗ್ಗಿದರೆ ಹೆಚ್ಚಾಗುತ್ತದೆ. ಗಡ್ಡೆಯ ನೋವು ಎಷ್ಟೋ ಜನರಲ್ಲಿ ಇದಕ್ಕೆ ವಿರುದ್ಧ. ಮಲಗಿ ಸ್ವಲ್ಪ ಹೊತ್ತಿಗೆ ಎಬ್ಬಿಸುತ್ತದೆ, ಎದ್ದು ಓಡಾಡಿದರೆ ತಗ್ಗುತ್ತದೆ. ಅತ್ತೆ ಹೇಳುತ್ತಿದ್ದದ್ದೂ ಅದನ್ನೇ: "ಮನುಗಿರೆ ಬೇನೆ, ಕೂದರೆ ಅಕ್ಕು." ನಡುರಾತ್ರಿ ಜಗಲಿಯ ಕುರ್ಚಿಯಲ್ಲಿ ಕುಳಿತು, ಗೋಡೆಗೆ ತಲೆ ಆನಿಸಿ ನಿದ್ದೆ ಮಾಡುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಮನೆಯವರು ಅದನ್ನು ವಯಸ್ಸಿನ ನಿದ್ರಾಹೀನತೆ ಎಂದುಕೊಂಡಿದ್ದರು.

ಕಾಲಿನ ಬಲ ಕುಂದುವುದು, ನಡೆಯುವಾಗ ಕಾಲು ಸೆಟೆದುಕೊಂಡಂತಾಗುವುದು, ಚಪ್ಪಲಿ ಕಾಲಿನಿಂದ ಜಾರಿ ಹೋದದ್ದು ತಿಳಿಯದಿರುವುದು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು, ಇವೆಲ್ಲ ನಂತರ ಬರುವ ಲಕ್ಷಣಗಳು. ಇಲ್ಲಿ ಇನ್ನೊಂದು ತೊಡಕಿದೆ. ಕಾಲಿನ ತೊಂದರೆ ಎಂದರೆ ಸೊಂಟದ ಎಂಆರ್‌ಐ ಮಾಡಿಸುವುದು ರೂಢಿ. ಗಡ್ಡೆ ಎದೆಯ ಮಟ್ಟದಲ್ಲಿದ್ದರೆ ಆ ಚಿತ್ರದಲ್ಲಿ ಅದು ಬರುವುದೇ ಇಲ್ಲ. ಬದಲಿಗೆ ವಯಸ್ಸಿಗೆ ಸಹಜವಾದ ಒಂದೆರಡು ಡಿಸ್ಕ್ ಉಬ್ಬುಗಳು ಕಾಣಿಸಿ, ಅವುಗಳಿಗೇ ಚಿಕಿತ್ಸೆ ಆರಂಭವಾಗುತ್ತದೆ. ಹೊಕ್ಕುಳ ಮಟ್ಟದಿಂದ ಕೆಳಗೆ ಸ್ಪರ್ಶ ಮಂಕಾಗಿದೆಯೇ, ಮಂಡಿಗೆ ತಟ್ಟಿದಾಗ ಕಾಲು ಹೆಚ್ಚು ಜೋರಾಗಿ ಜಿಗಿಯುತ್ತದೆಯೇ ಎಂದು ನೋಡುವ ವೈದ್ಯರಿದ್ದರೆ ಕಣ್ಣು ಮೇಲಕ್ಕೆ ಹೋಗುತ್ತದೆ. ಒಂದು ಸುತ್ತಿಗೆ, ಒಂದು ಚೂರು ಹತ್ತಿ, ಹತ್ತು ನಿಮಿಷದ ವ್ಯವಧಾನ ಇಷ್ಟೇ ಬೇಕಾದದ್ದು. ನನ್ನ ಅನುಭವದಲ್ಲಿ ಈ ಮೂರರಲ್ಲಿ ಸಿಗದೇ ಹೋಗುವುದು ಕೊನೆಯದು.

ಬೆನ್ನುಹುರಿಯ ಗಡ್ಡೆಯನ್ನು ತೆಗೆದು ರೋಗಿ ಮತ್ತೆ ನಡೆಯುವಂತೆ ಮಾಡಿದ ಮೊದಲ ಪ್ರಸಿದ್ಧ ಶಸ್ತ್ರಚಿಕಿತ್ಸೆ ನಡೆದದ್ದು 1887ರ ಜೂನ್ ತಿಂಗಳಲ್ಲಿ, ಲಂಡನ್ನಿನಲ್ಲಿ. ನರರೋಗ ತಜ್ಞ ವಿಲಿಯಂ ಗವರ್ಸ್ ರೋಗಿಯ ಮೈಯನ್ನು ಪರೀಕ್ಷಿಸಿಯೇ ಗಡ್ಡೆ ಇಂಥ ಕಡೆ ಇರಬೇಕೆಂದು ಲೆಕ್ಕ ಹಾಕಿದರು, ವಿಕ್ಟರ್ ಹಾರ್ಸ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಮೊದಲು ತೆರೆದ ಜಾಗದಲ್ಲಿ ಗಡ್ಡೆ ಸಿಗಲಿಲ್ಲ. ಇನ್ನಷ್ಟು ಮೇಲಕ್ಕೆ ಮೂಳೆ ತೆಗೆದುಕೊಂಡು ಹೋದ ಮೇಲೆ ಸಿಕ್ಕಿತು. ಎಕ್ಸ್-ರೇ ಕಂಡುಹಿಡಿಯಲು ಇನ್ನೂ ಎಂಟು ವರ್ಷ ಇದ್ದ ಕಾಲವದು. ಈ ಘಟನೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹಾರ್ಸ್ಲಿಯವರ ಧೈರ್ಯಕ್ಕಿಂತ ಹೆಚ್ಚಾಗಿ ಆ ಹುಡುಕಾಟ. ಆ ಕಾಲದಲ್ಲಿ ದೊಡ್ಡದಾಗಿ ತೆರೆಯುತ್ತಿದ್ದದ್ದಕ್ಕೆ ಗಡ್ಡೆ ಎಲ್ಲಿದೆ ಎಂದು ಖಚಿತವಾಗಿ ತಿಳಿಯದಿದ್ದದ್ದೂ ಒಂದು ಕಾರಣ. ಗಡ್ಡೆ ಯಾವ ಕಶೇರುಕದ ಹಿಂದೆ, ಎಡಕ್ಕೋ ಬಲಕ್ಕೋ, ಹುರಿಯನ್ನು ಯಾವ ದಿಕ್ಕಿಗೆ ತಳ್ಳಿದೆ ಎಂಬುದನ್ನು ಮಿಲಿಮೀಟರಿನ ಲೆಕ್ಕದಲ್ಲಿ ತೋರಿಸಿದ್ದು ಎಂಆರ್‌ಐ. ಅದಕ್ಕಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಚಿಕ್ಕ ದಾರಿಯ ಶಸ್ತ್ರಚಿಕಿತ್ಸೆಯ ಶ್ರೇಯಸ್ಸನ್ನು ಉಪಕರಣ ತಯಾರಿಸುವವರು ಆ ದಾರಿ ಮಾಡುವ ತಮ್ಮ ಕೊಳವೆಗಳಿಗೆ ಕೊಡುತ್ತಾರೆ. ನಾನು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆ ಚಿತ್ರಕ್ಕೆ ಕೊಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂತಹ ಗಡ್ಡೆಗೆ ಮಾಡುತ್ತಿದ್ದದ್ದು ಲ್ಯಾಮಿನೆಕ್ಟಮಿ. ಬೆನ್ನಿನ ನಡುವೆ ಉದ್ದಕ್ಕೆ ಕೊಯ್ದು, ಎರಡೂ ಬದಿಯ ಸ್ನಾಯುಗಳನ್ನು ಮೂಳೆಯಿಂದ ಕೆರೆದು ಬಿಡಿಸಿ, ಮುಟ್ಟಿದರೆ ಕೈಗೆ ಸಿಗುವ ಕಶೇರುಕದ ಹಿಂದಿನ ಮುಳ್ಳನ್ನೂ ಅದರ ಎರಡು ಪಕ್ಕದಲ್ಲಿ ಕಾಲುವೆಗೆ ಚಾವಣಿಯಂತಿರುವ ಲ್ಯಾಮಿನಾ ಎಂಬ ಮೂಳೆಹಲಗೆಗಳನ್ನೂ ತೆಗೆದುಬಿಡುವುದು. ಒಳಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಸರ್ಜನ್ನರ ಎರಡು ಕೈಗೂ ಜಾಗವಿರುತ್ತದೆ. ಇಂದಿಗೂ ಅದು ಒಳ್ಳೆಯ ಶಸ್ತ್ರಚಿಕಿತ್ಸೆಯೇ, ಅದನ್ನು ಹಳೆಯದೆಂದು ಹೀಗಳೆಯುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ತೆರುವ ಬೆಲೆ ಮಾತ್ರ ನಂತರ ಗೊತ್ತಾಗುತ್ತದೆ. ಮೂಳೆಯಿಂದ ಕಿತ್ತ ಸ್ನಾಯು ಹಾಗೆಯೇ ಹೋಗಿ ಕೂರುವುದಿಲ್ಲ, ಒಂದಿಷ್ಟು ಭಾಗ ಸೊರಗುತ್ತದೆ. ಬೆನ್ನುಮೂಳೆಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದಿದ್ದ ಕಟ್ಟುಗಳೂ ಹೋಗುವುದರಿಂದ ಕೆಲವರಲ್ಲಿ, ಮುಖ್ಯವಾಗಿ ಮಕ್ಕಳಲ್ಲಿ ಮತ್ತು ಕುತ್ತಿಗೆಯ ಭಾಗದಲ್ಲಿ ಹಲವು ಕಶೇರುಕಗಳ ಮಟ್ಟಿಗೆ ತೆಗೆದವರಲ್ಲಿ, ಮುಂದೆ ಬೆನ್ನು ಮುಂದಕ್ಕೆ ಬಾಗುತ್ತ ಹೋಗುವುದುಂಟು. ಆಗ ಸ್ಕ್ರೂ, ರಾಡ್ ಹಾಕಿ ನಿಲ್ಲಿಸುವ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಸ್ನಾಯುವನ್ನು ಕೆರೆಯುವ ಬದಲು ಅದರ ಎಳೆಗಳ ನಡುವಿನಿಂದಲೇ ಹೋಗುವ ಕೊಳವೆಯ ವಿಧಾನವನ್ನು 1997ರಲ್ಲಿ ಅಮೆರಿಕದ ಫೋಲಿ ಮತ್ತು ಸ್ಮಿತ್ ಡಿಸ್ಕ್ ಶಸ್ತ್ರಚಿಕಿತ್ಸೆಗಾಗಿ ವಿವರಿಸಿದರು. ಮುಂದಿನ ವರ್ಷಗಳಲ್ಲಿ ಅದೇ ದಾರಿಯಲ್ಲಿ ಗಡ್ಡೆಗಳನ್ನೂ ತೆಗೆಯತೊಡಗಿದರು. ಥಿಯೇಟರಿನೊಳಗೆ ಅದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ರೋಗಿಯನ್ನು ಪೂರ್ತಿ ಅರಿವಳಿಕೆಯಲ್ಲಿ ಕವುಚಿ ಮಲಗಿಸಿ, ಹೊಟ್ಟೆಯ ಮೇಲೆ ಒತ್ತಡ ಬೀಳದಂತೆ ಎದೆಗೂ ಸೊಂಟಕ್ಕೂ ದಿಂಬು ಕೊಡುತ್ತಾರೆ. ಹೊಟ್ಟೆ ಒತ್ತಿದರೆ ಬೆನ್ನಿನ ರಕ್ತನಾಳಗಳು ಉಬ್ಬಿ ರಕ್ತಸ್ರಾವ ಹೆಚ್ಚುತ್ತದೆ. ಆಮೇಲೆ ಥಿಯೇಟರಿನಲ್ಲೇ ಎಕ್ಸ್-ರೇ ತೋರಿಸುವ ಸಿ-ಆರ್ಮ್ ಯಂತ್ರದಿಂದ ಕಶೇರುಕ ಎಣಿಸುವ ಕೆಲಸ. ಇದನ್ನು ನೋಡಿದರೆ ಬೇಸರ ಬರಿಸುವ ಕೆಲಸದಂತೆ ಕಾಣುತ್ತದೆ, ಆದರೆ ಇಡೀ ದಿನದ ಯಶಸ್ಸು ಇದರ ಮೇಲೆ ನಿಂತಿದೆ. ಎದೆಯ ಮಟ್ಟದಲ್ಲಿ ಕಶೇರುಕಗಳೆಲ್ಲ ಒಂದೇ ತರಹ ಕಾಣುತ್ತವೆ. ಕೆಲವರಲ್ಲಿ ಸೊಂಟದ ಕಶೇರುಕಗಳು ಐದರ ಬದಲು ಆರು ಇರುತ್ತವೆ. ಕೆಳಗಿನಿಂದ ಎಣಿಸಿದ್ದಕ್ಕೂ ಮೇಲಿನಿಂದ ಎಣಿಸಿದ್ದಕ್ಕೂ ತಾಳೆಯಾಗದಿದ್ದರೆ ಮತ್ತೆ ಮೊದಲಿನಿಂದ. ದೊಡ್ಡದಾಗಿ ತೆರೆಯುವಾಗ ಒಂದು ಮಟ್ಟ ಆಚೀಚೆಯಾದರೆ ಸರಿಪಡಿಸಿಕೊಳ್ಳಬಹುದು. ಮೂರು ಸೆಂಟಿಮೀಟರಿನ ದಾರಿಯಲ್ಲಿ ಅಂತಹ ಅವಕಾಶ ಇಲ್ಲವೆಂದೇ ಹೇಳಬೇಕು.

ಚರ್ಮ ಕೊಯ್ದ ಮೇಲೆ ಮೊದಲು ತೆಳುವಾದ ಒಂದು ಸರಳು, ಅದರ ಮೇಲೆ ಸ್ವಲ್ಪ ದಪ್ಪದ ಕೊಳವೆ, ಅದರ ಮೇಲೆ ಇನ್ನೂ ದಪ್ಪದ್ದು, ಹೀಗೆ ಒಂದರ ಮೇಲೊಂದು ಕೊಳವೆಗಳನ್ನು ಇಳಿಸುತ್ತ ಹೋಗುತ್ತಾರೆ. ನಾನು ಟ್ರಾಲಿಯಲ್ಲಿ ಅವನ್ನು ಗಾತ್ರದ ಕ್ರಮದಲ್ಲಿ ಜೋಡಿಸಿಟ್ಟು ಒಂದೊಂದಾಗಿ ಕೊಡುತ್ತಿದ್ದೆ. ಬಾಳೆನಾರನ್ನು ಉದ್ದಕ್ಕೆ ಬೆರಳಿನಿಂದ ಬಿಡಿಸಿದರೆ ಹೇಗೆ ಎಳೆ ತುಂಡಾಗದೆ ಸರಿಯುತ್ತದೆಯೋ ಹಾಗೆ ಸ್ನಾಯು ಸರಿದು ದಾರಿ ಕೊಡುತ್ತದೆ. ಕೊನೆಗೆ ಉಳಿಯುವುದು ಎರಡು ಸೆಂಟಿಮೀಟರು ಆಸುಪಾಸಿನ ಅಗಲದ ಒಂದು ಕೊಳವೆ; ಗಡ್ಡೆ ಉದ್ದವಿದ್ದರೆ ತುದಿ ಅಗಲವಾಗಿ ತೆರೆಯುವ ಬಗೆಯದನ್ನು ಬಳಸುತ್ತಾರೆ. ಒಳಗಿನ ಉಳಿದ ಕೊಳವೆಗಳನ್ನು ತೆಗೆದು, ಮೈಕ್ರೋಸ್ಕೋಪನ್ನು ಮೇಲೆ ತಂದರೆ ಕೊಳವೆಯ ತಳದಲ್ಲಿ ಒಂದು ಬದಿಯ ಲ್ಯಾಮಿನಾ ಬಿಳಿಯಾಗಿ ಕಾಣುತ್ತದೆ. ಅದನ್ನು ಡ್ರಿಲ್ಲಿನಿಂದ ತೆಳುವಾಗಿಸಿ, ಚಿಮುಟದಂತಹ ಉಪಕರಣದಿಂದ ಚೂರುಚೂರಾಗಿ ಕಚ್ಚಿ ತೆಗೆಯುತ್ತಾರೆ. ಮೇಜನ್ನು ಓರೆ ಮಾಡಿ, ಹಿಂದಿನ ಮುಳ್ಳಿನ ಬುಡವನ್ನು ಒಳಗಿನಿಂದ ಸವರಿದರೆ ಇನ್ನೊಂದು ಬದಿಯವರೆಗೂ ನೋಟ ಹೋಗುತ್ತದೆ. ಮುಳ್ಳು, ಕಟ್ಟುಗಳು, ಆಚೆ ಬದಿಯ ಸ್ನಾಯು ಇದ್ದಲ್ಲೇ ಇರುತ್ತವೆ. ಈ ವಿಧಾನದ ಲಾಭವೆಲ್ಲ ಇರುವುದು ಹೀಗೆ ಮುಟ್ಟದೆ ಬಿಟ್ಟದ್ದರಲ್ಲಿ.

ಡ್ಯೂರಾವನ್ನು ಕೊಯ್ದು ಅಂಚುಗಳಿಗೆ ದಾರ ಹಾಕಿ ಎಳೆದು ಹಿಡಿದಾಗ ತಿಳಿಯಾದ ದ್ರವ ಹೊರಬರುತ್ತದೆ, ಅದರ ಹಿಂದೆ ಗಡ್ಡೆ ಕಾಣುತ್ತದೆ. ಶ್ವಾನೋಮಾ ಹಳದಿ ಮಿಶ್ರಿತ ಬಣ್ಣದ್ದು, ನುಣುಪಾದ ಹೊದಿಕೆಯದ್ದು. ಅದನ್ನು ಇಡಿಯಾಗಿ ಎಳೆಯಲು ಹೋಗುವುದಿಲ್ಲ. ಮೊದಲು ಒಳಗಿನದನ್ನು ಅಲ್ಟ್ರಾಸೌಂಡಿನ ಕಂಪನದಿಂದ ಪುಡಿಮಾಡಿ ಹೀರುವ ಯಂತ್ರದಿಂದ ತೆಗೆದು, ಗಡ್ಡೆ ಕುಗ್ಗಿದ ಮೇಲೆ ಅದರ ಗೋಡೆಯನ್ನು ಒಳಕ್ಕೆ ಮಡಚುತ್ತ, ಪಕ್ಕದ ನರಗಳಿಂದ ಬಿಡಿಸುತ್ತ ಬರುತ್ತಾರೆ. ಕೊನೆಯಲ್ಲಿ ಅದು ಹುಟ್ಟಿದ ನರದ ಎಳೆ ಸಿಗುತ್ತದೆ. ಸಾಮಾನ್ಯವಾಗಿ ಅದು ಸ್ಪರ್ಶಜ್ಞಾನದ ನರ. ಅದನ್ನು ಕತ್ತರಿಸುವ ಮೊದಲು ಸಣ್ಣ ವಿದ್ಯುತ್ ಕೊಟ್ಟು ಕಾಲಿನ ಯಾವುದಾದರೂ ಸ್ನಾಯು ಮಿಡಿಯುತ್ತದೆಯೇ ಎಂದು ನೋಡುತ್ತಾರೆ. ಕೈಕಾಲಿಗೆ ಚುಚ್ಚಿದ ಸೂಜಿಗಳ ಮೂಲಕ ಆ ಮಿಡಿತ ಪರದೆಯ ಮೇಲೆ ಗೆರೆಯಾಗಿ ಬರುತ್ತದೆ; ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದರೆ ಗೆರೆ ಬಾರದು, ಆದ್ದರಿಂದ ಅರಿವಳಿಕೆಯವರೂ ಮೊದಲೇ ಅದಕ್ಕೆ ತಕ್ಕ ಔಷಧಗಳನ್ನು ಆರಿಸಿಕೊಂಡಿರುತ್ತಾರೆ. ಪರದೆ ಸುಮ್ಮನಿದ್ದರೆ ಕತ್ತರಿಸುತ್ತಾರೆ. ಆ ಒಂದು ಎಳೆ ಹೋದರೂ ಅಕ್ಕಪಕ್ಕದ ನರಗಳು ಹೆಚ್ಚಿನ ಕೆಲಸವನ್ನು ನಿಭಾಯಿಸುತ್ತವೆ.

ಗಡ್ಡೆ ಹೊರಬಂದ ಕೂಡಲೇ ಥಿಯೇಟರಿನಲ್ಲಿ ಒಂದು ಸಡಿಲ ಉಸಿರು ಬರುತ್ತದೆ. ನನಗೆ ಮಾತ್ರ ಆತಂಕ ಆರಂಭವಾಗುತ್ತಿದ್ದದ್ದೇ ಆಗ, ಏಕೆಂದರೆ ಕೊಳವೆಯ ತಳದಲ್ಲಿ ಡ್ಯೂರಾ ಹೊಲಿಯುವುದು ಈ ಶಸ್ತ್ರಚಿಕಿತ್ಸೆಯ ಅತ್ಯಂತ ಕಷ್ಟದ ಭಾಗ. ಉದ್ದ ಹಿಡಿಯ ಉಪಕರಣಗಳಿಂದ, ಕೂದಲಿನಷ್ಟು ತೆಳುವಾದ ದಾರದಿಂದ, ಕೈ ತಿರುಗಿಸಲು ಜಾಗವಿಲ್ಲದ ಕಡೆ ಗಂಟು ಹಾಕಬೇಕು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಸರಾಗವಾಗಿ ಮುಗಿಯುವ ಹೊಲಿಗೆಗೆ ಇಲ್ಲಿ ಹಲವು ಪಟ್ಟು ಸಮಯ ಹಿಡಿಯುತ್ತದೆ. ಹೊಲಿದ ಮೇಲೆ ಅರಿವಳಿಕೆಯವರು ಶ್ವಾಸಕೋಶದೊಳಗಿನ ಒತ್ತಡವನ್ನು ಕ್ಷಣಕಾಲ ಏರಿಸುತ್ತಾರೆ. ಆಗ ದ್ರವ ಜಿನುಗಿದರೆ ಮತ್ತೊಂದು ಹೊಲಿಗೆ, ಮೇಲೆ ಫೈಬ್ರಿನ್ ಅಂಟು. ಕೊಳವೆ ತೆಗೆದಾಗ ಸ್ನಾಯು ತಾನಾಗಿ ಕೂಡಿಕೊಂಡು ದಾರಿ ಮುಚ್ಚುತ್ತದೆ, ದ್ರವ ನಿಲ್ಲಲು ಪೊಳ್ಳು ಜಾಗ ಉಳಿಯುವುದಿಲ್ಲ. ಹೊಲಿಯುವುದು ಕಷ್ಟವಾದರೂ ಸೋರಿಕೆ ಹೆಚ್ಚಾಗದಿರಲು ಇದೇ ಕಾರಣ.

ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಇಂತಹ ಚಿಕ್ಕ ದಾರಿಯ ಚಿಕಿತ್ಸೆಯನ್ನು ಕೀಹೋಲ್ ಶಸ್ತ್ರಚಿಕಿತ್ಸೆ ಎನ್ನುವ ನಗುಮುಖದ ಫಲಕಗಳು ನಿಂತಿವೆ. ರಕ್ತಸ್ರಾವ ಕಡಿಮೆ, ಶಸ್ತ್ರಚಿಕಿತ್ಸೆಯ ನಂತರದ ನೋವು ಕಡಿಮೆ, ಆಸ್ಪತ್ರೆಯ ವಾಸ ಕಡಿಮೆ ಎಂಬುದು ನಿಜ. ಬೇಗ ಎದ್ದು ನಡೆದಾಡುವ ರೋಗಿಗಳನ್ನು ನಾನೇ ನೋಡಿದ್ದೇನೆ. ಗಡ್ಡೆಯನ್ನು ಪೂರ್ತಿ ತೆಗೆಯುವುದರಲ್ಲಿ, ನರದ ಶಕ್ತಿ ಮರಳುವುದರಲ್ಲಿ ಮಾತ್ರ ಎರಡು ವಿಧಾನಗಳೂ ಹೆಚ್ಚುಕಡಿಮೆ ಸಮ. ಪ್ರಕಟವಾದ ವರದಿಗಳಲ್ಲಿ ಬಹುಪಾಲು ಹಿಂದಿನ ದಾಖಲೆ ತಿರುವಿ ಬರೆದವು, ಅವೂ ಈ ವಿಧಾನದಲ್ಲಿ ನುರಿತವರು ತಾವು ಆರಿಸಿಕೊಂಡ ರೋಗಿಗಳ ಬಗ್ಗೆ ಬರೆದವು. ಆರಿಸಿಕೊಳ್ಳುವುದು ತಪ್ಪಲ್ಲ, ಅದೇ ಇಲ್ಲಿನ ವಿವೇಕ. ಒಂದೆರಡು ಕಶೇರುಕಗಳ ಮಟ್ಟದೊಳಗೆ, ಹುರಿಯ ಹಿಂದೆ ಅಥವಾ ಪಕ್ಕದಲ್ಲಿ ಇರುವ ಗಡ್ಡೆಗೆ ಕೊಳವೆ ಒಪ್ಪುತ್ತದೆ. ಹಲವು ಮಟ್ಟಗಳಿಗೆ ಚಾಚಿದ್ದಕ್ಕೆ, ಹುರಿಯ ಒಳಗೇ ಬೆಳೆದದ್ದಕ್ಕೆ, ಹುರಿಯ ಮುಂಭಾಗದಲ್ಲಿ ಸುಣ್ಣಗಟ್ಟಿ ಕುಳಿತ ಮೆನಿಂಜಿಯೋಮಾಗೆ, ಕಶೇರುಕಗಳ ನಡುವಿನ ರಂಧ್ರದಿಂದ ಹೊರಟು ಎದೆಗೂಡಿಗೆ ದೊಡ್ಡದಾಗಿ ಚಾಚಿದ್ದಕ್ಕೆ ಸಾಮಾನ್ಯವಾಗಿ ಬೇರೆ ದಾರಿ ಬೇಕು. ಕೊಳವೆಯಲ್ಲಿ ಆರಂಭಿಸಿ, ಒಳಗಿನ ಪರಿಸ್ಥಿತಿ ನೋಡಿ, ದೊಡ್ಡದಾಗಿ ತೆರೆಯಲು ನಿರ್ಧರಿಸಿದ ಸರ್ಜನ್ನರನ್ನು ನಾನು ಕಂಡಿದ್ದೇನೆ. ನನ್ನ ಮನೆಯವರ ಬೆನ್ನನ್ನು ಒಪ್ಪಿಸುವುದಾದರೆ ಅಂಥವರಿಗೇ ಒಪ್ಪಿಸುತ್ತೇನೆ. ಸಣ್ಣ ಗಡ್ಡೆ ಬೇರೆ ಯಾವುದಕ್ಕೋ ಮಾಡಿದ ಎಂಆರ್‌ಐಯಲ್ಲಿ ಅಕಸ್ಮಾತ್ತಾಗಿ ಕಂಡು, ಯಾವ ತೊಂದರೆಯನ್ನೂ ಕೊಡುತ್ತಿಲ್ಲವಾದರೆ, ಕಾಲಕಾಲಕ್ಕೆ ಚಿತ್ರ ತೆಗೆದು ಕಾಯುವುದೂ ಒಂದು ಸರಿಯಾದ ಚಿಕಿತ್ಸೆಯೇ.

ಕಾಯಬಾರದ ಹೊತ್ತೂ ಇದೆ. ಕಾಲಿನ ಬಲ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ, ಮೂತ್ರದ ನಿಯಂತ್ರಣ ತಪ್ಪುತ್ತಿದ್ದರೆ ತಡಮಾಡಿದಷ್ಟೂ ಮರಳಿ ಬರುವುದು ಕಡಿಮೆ. ಕಾಸರಗೋಡಿನಿಂದ ಮಂಗಳೂರು ಸುಮಾರು ಐವತ್ತು ಕಿಲೋಮೀಟರು, ನಮ್ಮ ಕೇರಳದ ರಾಜಧಾನಿ ತಿರುವನಂತಪುರ ಅದರ ಹತ್ತು ಪಟ್ಟಿಗೂ ಹೆಚ್ಚು ದೂರ. 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಲಾಕ್‌ಡೌನಿನ ಹೊತ್ತಿಗೆ, ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಈ ಐವತ್ತು ಕಿಲೋಮೀಟರಿನ ಅರ್ಥ ಇಲ್ಲಿಯವರಿಗೆ ಚೆನ್ನಾಗಿ ತಿಳಿಯಿತು. ಆಂಬುಲೆನ್ಸುಗಳು ಮರಳಿ ಹೋದವು, ಚಿಕಿತ್ಸೆ ಸಿಗದೆ ಜನ ಸತ್ತರು, ಏಪ್ರಿಲ್‌ನಲ್ಲಿ ನ್ಯಾಯಾಲಯಗಳವರೆಗೆ ಹೋದ ಮೇಲೆ ರೋಗಿಗಳಿಗೆ ದಾರಿಯಾಯಿತು. ನಿಧಾನ ಬೆಳೆಯುವ ಗಡ್ಡೆಯವರು ಆಗ ಹೇಗೋ ತಿಂಗಳು ದೂಡಿರಬಹುದು, ಹುರಿ ಒತ್ತಿಹೋಗುತ್ತಿದ್ದವರಿಗೆ ಅದು ಸಾಧ್ಯವಿರಲಿಲ್ಲ.

ಅತ್ತೆಯ ಗಡ್ಡೆ ಸೊಂಟದ ಮೇಲ್ಭಾಗದಲ್ಲಿ, ಹುರಿ ಮುಗಿದ ಕೆಳಗೆ, ನರಗಳ ಗೊಂಚಲಿನ ನಡುವೆ ಇತ್ತು. ಉದ್ದ ಎರಡು ಸೆಂಟಿಮೀಟರಿಗೆ ತುಸು ಕಡಿಮೆ. ಬಯಾಪ್ಸಿಯ ವರದಿ ಶ್ವಾನೋಮಾ ಎಂದೇ ಬಂತು. ರಾತ್ರಿಯ ನೋವು ಹೋಗಿದೆ. ಬಲತೊಡೆಯ ಮುಂಭಾಗದಲ್ಲಿ ಅಂಗೈಯಗಲ ಜಾಗ ಮರಗಟ್ಟಿದಂತೆ ಇದೆ, ಅದು ಹಾಗೆಯೇ ಉಳಿಯಬಹುದು ಎಂದು ಮೊದಲೇ ಹೇಳಿದ್ದರಿಂದ ಅವರಿಗೆ ಬೇಸರವಿಲ್ಲ. ಕಷ್ಟವಾದದ್ದು ಅವರನ್ನು ತೋಟಕ್ಕೆ ಹೋಗದಂತೆ ತಡೆಯುವುದು. ಗಾಯ ಚಿಕ್ಕದಾಗಿದ್ದರಿಂದ ಕೆಲಸಕ್ಕೂ ಬೇಗ ಇಳಿಯಬಹುದು ಎಂದು ಅವರ ವಾದ. ಡ್ಯೂರಾ ಗಟ್ಟಿಯಾಗಿ ಕೂಡಲು ಚರ್ಮದ ಗಾಯಕ್ಕಿಂತ ಹೆಚ್ಚು ಸಮಯ ಬೇಕು, ಅಲ್ಲಿಯವರೆಗೆ ಭಾರ ಎತ್ತುವುದೂ ಮಲವಿಸರ್ಜನೆಗೆ ತಿಣುಕುವುದೂ ಬೇಡ ಎಂದು ನಾನು, ಸರ್ಜನ್, ಕೊನೆಗೆ ಮಾವ ಸೇರಿ ಹೇಳಬೇಕಾಯಿತು. ಎದ್ದು ಕುಳಿತಾಗ ಹೆಚ್ಚಾಗಿ, ಮಲಗಿದರೆ ಇಳಿಯುವ ತಲೆನೋವು ಬಂದರೆ, ಗಾಯದ ಪಟ್ಟಿ ನೀರಿನಂತಹ ದ್ರವದಿಂದ ಒದ್ದೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇವೆರಡೂ ದ್ರವ ಸೋರುತ್ತಿರುವುದರ ಗುರುತು.

ಪೂರ್ತಿ ತೆಗೆದ ಶ್ವಾನೋಮಾ ಮತ್ತೆ ಬರುವುದು ಅಪರೂಪ. ಮೆನಿಂಜಿಯೋಮಾದಲ್ಲಿ ಗಡ್ಡೆ ಅಂಟಿದ್ದ ಡ್ಯೂರಾದ ಭಾಗವನ್ನು ಕೊಯ್ದು ತೆಗೆಯದೆ ಸುಟ್ಟು ಅಲ್ಲೇ ಬಿಟ್ಟಿರುವುದೂ ಉಂಟು, ಹಾಗಾಗಿ ಹೆಚ್ಚು ವರ್ಷ ಕಣ್ಣಿಡಬೇಕು. ಚಿಕ್ಕ ವಯಸ್ಸಿನವರಲ್ಲಿ ಒಂದಕ್ಕಿಂತ ಹೆಚ್ಚು ಗಡ್ಡೆ ಕಂಡರೆ, ಅಥವಾ ಕಿವಿಯ ನರದಲ್ಲೂ ಗಡ್ಡೆ ಇದ್ದರೆ, ನ್ಯೂರೋಫೈಬ್ರೊಮಟೋಸಿಸ್ ಎಂಬ ವಂಶವಾಹಿಯ ಕಾಯಿಲೆ ಇದೆಯೇ ಎಂದು ನೋಡುತ್ತಾರೆ. ಆಗ ಮನೆಯ ಉಳಿದವರನ್ನೂ ಪರೀಕ್ಷಿಸಬೇಕಾಗಬಹುದು. ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳಿಗೆ ಕಾಂಟ್ರಾಸ್ಟ್ (ಗಡ್ಡೆಯನ್ನು ಚಿತ್ರದಲ್ಲಿ ಹೊಳೆಯುವಂತೆ ಮಾಡುವ ಔಷಧ) ಹಾಕಿ ಒಂದು ಎಂಆರ್‌ಐ ಮಾಡಿಸುತ್ತಾರೆ, ಮುಂದಿನ ಚಿತ್ರಗಳನ್ನೆಲ್ಲ ಅದರೊಂದಿಗೆ ಹೋಲಿಸಿ ನೋಡುತ್ತಾರೆ. ಗಾಯದ ಕಲೆಯೂ ಕಾಂಟ್ರಾಸ್ಟಿನಲ್ಲಿ ಹೊಳೆಯುವುದುಂಟಾದ್ದರಿಂದ, ಹೊಳೆದದ್ದು ಕಲೆಯೋ ಗಡ್ಡೆಯ ಉಳಿಕೆಯೋ ಎಂದು ಒಂದೇ ಚಿತ್ರ ನೋಡಿ ಹೇಳುವುದು ಕಷ್ಟ. ಆದ್ದರಿಂದ ಮಂಗಳೂರು, ಕಣ್ಣೂರು, ಕೋಝಿಕ್ಕೋಡು ಎಲ್ಲಿಯೇ ಹೊಸ ಎಂಆರ್‌ಐ ಮಾಡಿಸಿದರೂ ವರದಿಯ ಕಾಗದ ಮಾತ್ರ ಕೊಂಡೊಯ್ದರೆ ಸಾಲದು. ಹಳೆಯ ಚಿತ್ರಗಳ ಸಿಡಿಗಳನ್ನು, ಮೊದಲ ಶಸ್ತ್ರಚಿಕಿತ್ಸೆಗೆ ಹಿಂದಿನದನ್ನೂ ಸೇರಿಸಿ, ಜೊತೆಯಲ್ಲೇ ಒಯ್ಯಬೇಕು.